ಬರಣಿಯ ಬಾಯಿಗೆ ಬಿದ್ದ ಗಂಟು

ಹೆದರಿಕೆಯೂ ಹಿರಿಯರ ಆಸ್ತಿಯಂತೆಯೇ. ಪಾಲಾಗುವಾಗ ಯಾರೋ ಒಬ್ಬರಿಗೆ ಹೆಚ್ಚು ಬಂದುಬಿಡುತ್ತದೆ. ನಮ್ಮ ಮನೆಯಲ್ಲಿ ಅಣ್ಣನಿಗೆ ಎತ್ತರ ಬಂತು, ತಂಗಿಗೆ ಕಂಠ ಬಂತು, ಹೆದರಿಕೆ ಅಷ್ಟೂ ನನ್ನ ಪಾಲಿಗೆ ಉಳಿಯಿತು. ಚಿಕ್ಕವನಿದ್ದಾಗ ಓಣಿಯ ಹುಣಸೆ ಮರಕ್ಕೆ ಹೆದರಿದೆ. ಜಮಖಂಡಿಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಸಾಹೇಬರ ಕರೆಗಂಟೆಗೆ ಹೆದರಿದೆ. ಈಗ ಐವತ್ತೈದು ದಾಟಿದೆ. ಇನ್ನು ಹೆದರುವುದಕ್ಕೆ ಹೊಸದೇನೂ ಉಳಿದಿಲ್ಲ ಎಂದುಕೊಂಡಿದ್ದೆ. ಆದರೆ ಈಚೆಗೆ ನನಗೆ ಗುಲಾಬಿ ಹೂವಿನ ಹೆದರಿಕೆ ಶುರುವಾಗಿದೆ. ಒಂದು ಚಂದದ ಹಳ್ಳಿ, ಬೇಲಿಯ ತುಂಬ ಗುಲಾಬಿ, ಹಿಂದೆ ಒಂದು ಕಲ್ಲಿನ ಚರ್ಚು, ಹುಲ್ಲಿನ ಮೇಲೆ ಮೇಜು ಹಾಕಿ ಚಹಾ ಕುಡಿಯುವ ನಾಲ್ಕು ಜನ ಕಂಡರೆ ಸಾಕು, ನನಗೆ ಬೆವರು ಕಿತ್ತು ಬರುತ್ತದೆ. ಯಾಕೆಂದರೆ ಇನ್ನು ಹತ್ತು ನಿಮಿಷದಲ್ಲಿ ಅವರಲ್ಲಿ ಒಬ್ಬರು ಹೆಣವಾಗಿ ಬೀಳುತ್ತಾರೆ.

ಇದನ್ನು ಮನೆಗೆ ತಂದವಳು ಮುಧೋಳಕ್ಕೆ ಕೊಟ್ಟ ನನ್ನ ಮಗಳು. ದೀಪಾವಳಿಗೆ ಬಂದವಳು ಟೀವಿಯ ಬೆನ್ನಿಗೆ ಬೆರಳಿನಷ್ಟು ದಪ್ಪದ ಏನನ್ನೋ ಚುಚ್ಚಿ, "ಅಪ್ಪಾ, ಇನ್ನ ಮ್ಯಾಲ ನಿಮಗ ಬ್ಯಾಸರ ಅನ್ನೂದ ಇರಂಗಿಲ್ಲ" ಎಂದು ಹೇಳಿ ಹೋದಳು. ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಟೀವಿಗೆ ತಂದ ಕೊಲೆಯ ಕತೆಗಳು ಅದರೊಳಗೆ ರಾಶಿ ರಾಶಿ ಇದ್ದವು. ಎಲ್ಲ ಹಿಂದಿಯಲ್ಲಿ. ಹಾಲಿನಂಥ ಮೈಬಣ್ಣದ ಪಾದ್ರಿಯೊಬ್ಬ ಟೋಪಿ ತೆಗೆದು "ನಮಸ್ತೆ, ಶ್ರೀಮತೀಜಿ" ಎನ್ನುವುದನ್ನು ಕೇಳಿ ನಾನು ಮೊದಲ ದಿನ ನಕ್ಕೆ. ಆಮೇಲೆ ನಗು ನಿಂತಿತು. ಅದೇ ಪಾದ್ರಿ ಕಷಾಯದಲ್ಲಿ ವಿಷ ಬೆರೆಸಿದ್ದ.

ನನ್ನ ಹೆಂಡತಿ ಶೈಲಾ ಈ ಕತೆಗಳನ್ನು ನೋಡುವುದು ಪರದೆ, ಮೇಜುಬಟ್ಟೆ, ಪಿಂಗಾಣಿ ಕಪ್ಪುಗಳಿಗಾಗಿ. ನಾನು ನೋಡುವುದು ಎದ್ದು ಹೋಗಲು ಹೆದರಿ. ಮನಸ್ಸಿಟ್ಟು ನೋಡುವವರು ಗೌರತ್ತಿ ಒಬ್ಬರೇ. ಗೌರತ್ತಿ ನನ್ನ ತಂದೆಯ ಅಕ್ಕ, ಎಂಬತ್ತರ ಹತ್ತಿರದವರು. ನನ್ನನ್ನು ಎತ್ತಿ ಆಡಿಸಿದವರು, ನನಗೆ ಮಾತು ಕಲಿಸಿದವರು, ಈಗ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಹಿಂದಿ ಬರುವುದು ಸಂತೆಯಲ್ಲಿ ಬಳೆಗಾರನ ಜೊತೆ ಚೌಕಾಸಿ ಮಾಡುವಷ್ಟು ಮಾತ್ರ. ಆದರೂ ಅರ್ಧ ಕತೆ ಮುಗಿಯುವುದರೊಳಗೆ ಎಲೆ ಅಡಿಕೆ ಸಂಚಿ ಬಿಚ್ಚುತ್ತ, "ಆ ನೀಲಿ ಅಂಗಿಯವ. ಅವನೇ ಕೊಂದಾನ" ಎನ್ನುತ್ತಾರೆ. ಕಡೆಗೆ ನೀಲಿ ಅಂಗಿಯವನೇ ಸಿಕ್ಕಿಬೀಳುತ್ತಾನೆ. "ಹೆಂಗ ಗೊತ್ತಾತ್ರಿ ಅತ್ತಿ?" ಎಂದರೆ, "ಸತ್ತಾಂವನ ಸುದ್ದಿ ಬಂದಾಗ ಎಲ್ಲಾರೂ ಬಾಗಲಾ ನೋಡಿದ್ರು, ಇಂವಾ ತನ್ನ ಕೈ ನೋಡ್ಕೊಂಡ" ಎನ್ನುತ್ತಾರೆ. ಅಂದಿನಿಂದ ನಾನು ಅವರೆದುರು ನನ್ನ ಕೈ ನೋಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಈ ಇಂಗ್ಲಿಷ್ ಹಳ್ಳಿಗಳ ಬಗ್ಗೆ ನನಗೊಂದು ಸಂಶಯವಿದೆ. ಇರುವುದು ನಲವತ್ತು ಮನೆ, ವಾರಕ್ಕೊಂದು ಕೊಲೆ. ಹೀಗಾದರೆ ಊರಲ್ಲಿ ಉಳಿಯುವವರು ಯಾರು? ನನ್ನ ತಾಯಿಯ ತವರು ರನ್ನ ಬೆಳಗಲಿ. ಅಲ್ಲಿ ಒಬ್ಬನನ್ನು ಗುಟ್ಟಾಗಿ ಕೊಲ್ಲುವುದು ಸಾಧ್ಯವೇ ಇಲ್ಲ. ವಿಷ ತರೋಣವೆಂದು ಹೊರಟರೆ ಕಟ್ಟೆಯ ಮೇಲೆ ಕೂತವರು "ಎಲ್ಲಿಗಿ ಹೊಂಟೀರಿ?" ಎನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದವನು "ಚೀಲದಾಗ ಏನೈತ್ರಿ?" ಎನ್ನುತ್ತಾನೆ. ತಿರುಗಿ ಬರುವಷ್ಟರಲ್ಲಿ ಸಾಯಬೇಕಾದವನೇ ಬಾಗಿಲಿಗೆ ಬಂದು "ಏನೋ ತಂದಿಯಂತಲ್ಲ, ತೋರ್ಸು" ಎನ್ನುತ್ತಾನೆ. ಆ ಇಂಗ್ಲಿಷ್ ಜನರಿಗೆ ಈ ಮೂರು ಮಾತು ಕೇಳುವ ರೂಢಿ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ! ನಮ್ಮ ಸೀಮೆಯಲ್ಲಿ ಗುಟ್ಟು ಎಂಬುದು ಬಾಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಹೋದ ಶ್ರಾವಣದಲ್ಲಿ ಒಂದು ಕೊಲೆ ಮಾಡಿದೆ.

ಸತ್ತದ್ದು ಒಂದು ಬರಣಿ ಮಸಾಲೆ ಖಾರ. ನಗಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಬೇಸಿಗೆಗೆ ಒಮ್ಮೆ ಈ ಖಾರ ಮಾಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿ, ಬಳ್ಳೊಳ್ಳಿ, ಎಣ್ಣೆಯಲ್ಲಿ ಕಂದುವಂತೆ ಹುರಿದ ಉಳ್ಳಾಗಡ್ಡಿ, ಹದಿನೈದು ಬಗೆಯ ಮಸಾಲೆ ಎಲ್ಲ ಕೂಡಿಸಿ ಕುಟ್ಟಿ, ಬರಣಿಗೆ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟರೆ ವರ್ಷವಿಡೀ ಪಲ್ಯ, ಸಾರು, ರೊಟ್ಟಿ ಎಲ್ಲಕ್ಕೂ ಅದೇ ಆಸರೆ. ಅದಕ್ಕೆ ಒಂದೇ ಶತ್ರು, ನೀರು. ಹಸಿ ಕೈ, ಹಸಿ ಚಮಚ ತಾಗಿದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ದೊಡ್ಡ ಬರಣಿಯನ್ನು ಗೌರತ್ತಿ ಒಬ್ಬರೇ ಮುಟ್ಟುವುದು. ಅಮಾವಾಸ್ಯೆಯ ಮರುದಿನ ಒಮ್ಮೆ ಬಿಚ್ಚಿ ಅಡುಗೆಮನೆಯ ಸಣ್ಣ ಡಬ್ಬಿ ತುಂಬಿ, ಮತ್ತೆ ಕಟ್ಟುತ್ತಾರೆ. ಹೋದ ವರ್ಷ ಬಟ್ಟೆ ಕಟ್ಟುವಾಗ ಅವರು, "ಇದ ಕಡೀ ಖಾರ ನೋಡ್ರಿ. ಇನ್ನ ನನ್ನ ರಟ್ಟ್ಯಾಗ ಕಸುವಿಲ್ಲ" ಎಂದಿದ್ದರು.

ಅದೇ ವರ್ಷ ವೈದ್ಯರು ನನ್ನ ಹೊಟ್ಟೆಯಲ್ಲಿ ಹುಣ್ಣು ಕಂಡುಹಿಡಿದು ಖಾರ ಬಂದ್ ಮಾಡಿದರು. ಮೂರು ತಿಂಗಳು ಮೊಸರು, ಅನ್ನ, ಸಪ್ಪೆ ಬೇಳೆ. ಶ್ರಾವಣದ ಒಂದು ಭಾನುವಾರ ಶೈಲಾ, ಗೌರತ್ತಿ ಇಬ್ಬರೂ ಬೀಗರ ಮನೆಯ ಕಾರ್ಯಕ್ಕೆಂದು ಮುಧೋಳಕ್ಕೆ ಹೋದರು. ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಸಿದ್ದವ್ವ ಬಿಸಿ ರೊಟ್ಟಿ ಮಾಡಿಟ್ಟು ಹೋದಳು. ಈ ಸಿದ್ದವ್ವ ಬನಹಟ್ಟಿಯ ನೇಕಾರರ ಮನೆಯ ಮಗಳು. ಅವಳ ತಮ್ಮ ಬಸವರಾಜನೇ ನಮ್ಮ ಕಚೇರಿಯ ಸಿಪಾಯಿ. ಹೊರಗೆ ಜಿಟಿಜಿಟಿ ಮಳೆ. ಟೀವಿಯಲ್ಲಿ ಕರ್ನಲ್ ಒಬ್ಬ ಸಾಯುವ ಮುಂಚೆ ಹೊಟ್ಟೆತುಂಬ ಉಣ್ಣುತ್ತಿದ್ದ. ಸಾಯುವವನೂ ಇಷ್ಟು ಚೆನ್ನಾಗಿ ಉಣ್ಣುವಾಗ ಬದುಕಿರುವ ನಾನು ಯಾಕೆ ಮೊಸರನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದೇನೆ ಎನಿಸಿತು. ಸಣ್ಣ ಡಬ್ಬಿಯ ಮಟ್ಟವನ್ನು ಶೈಲಾ ಕಣ್ಣಲ್ಲೇ ಅಳೆದಿಟ್ಟಿರುತ್ತಾಳೆ. ದೊಡ್ಡ ಬರಣಿಯಲ್ಲಿ ಎರಡು ಚಮಚ ಹೋದರೆ ಯಾರಿಗೆ ತಿಳಿದೀತು? ಸ್ಟೂಲು ಹತ್ತಿ ಬರಣಿ ಇಳಿಸಿದೆ. ದಾರ ಬಿಚ್ಚಿದೆ. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಬಿಸಿ ರೊಟ್ಟಿ, ಖಾರ, ಮೇಲೆ ಹಸಿ ಶೇಂಗಾ ಎಣ್ಣೆ. ಎರಡನೆಯ ರೊಟ್ಟಿಗೆ ಮತ್ತೊಂದು ಚಮಚ ಬೇಕೆನಿಸಿತು. ಅಷ್ಟರಲ್ಲಿ ಗೇಟು ಸಪ್ಪಳವಾಯಿತು. ಕೈಗೆ ಸಿಕ್ಕ ಚಮಚದಲ್ಲಿ ಗಬಕ್ಕನೆ ತೋಡಿಕೊಂಡು, ಬಟ್ಟೆ ಹೊದಿಸಿ, ದಾರ ಕಟ್ಟಿ, ಬರಣಿ ಮೇಲಿಟ್ಟು ನೋಡುತ್ತೇನೆ, ಗೇಟಿನಲ್ಲಿ ಒಂದು ಎಮ್ಮೆ ನಿಂತಿತ್ತು. ಕೈಯಲ್ಲಿದ್ದದ್ದು ಮೊಸರಿನ ಚಮಚ.

ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇತ್ತು. ಆ ಹತ್ತು ದಿನ ನಾನು ಪಟ್ಟ ಭಯವನ್ನು ಯಾವ ಇಂಗ್ಲಿಷ್ ಕೊಲೆಗಾರನೂ ಪಟ್ಟಿರಲಾರ. ಅವರಿಗಾದರೋ ಒಂದೂವರೆ ತಾಸಿನಲ್ಲಿ ಬಿಡುಗಡೆ. ಸಂಜೆ ಟೀವಿಯಲ್ಲಿ ಯಾರಾದರೂ ಚಮಚ ಎತ್ತಿದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹುಣ್ಣು ಬೇರೆ ಒಳಗಿನಿಂದಲೇ ಸಾಕ್ಷಿ ಹೇಳುತ್ತಿತ್ತು.

ಅಮಾವಾಸ್ಯೆಯ ಮರುದಿನ ಗೌರತ್ತಿ ಬರಣಿ ಇಳಿಸಿಕೊಂಡರು. ಬಾಯಿಗೆ ಕಟ್ಟಿದ್ದ ದಾರವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಟ್ಟೆ ಸರಿಸಿದರು. ಕೆಂಪು ಖಾರದ ಮೇಲೆ ಅಂಗೈಯಗಲ ಬಿಳಿ ತುಪ್ಪಳ ಬೆಳೆದಿತ್ತು. ಅವರು ಕೂಗಾಡಲಿಲ್ಲ, ಬಯ್ಯಲಿಲ್ಲ. "ಕೊಂದಾರ" ಎಂದರು, ಅಷ್ಟೇ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶೈಲಾ ಮಾತ್ರ ಸುಮ್ಮನಿರಲಿಲ್ಲ. "ಸಿದ್ದವ್ವನ ಕೈ ಯಾವಾಗ್ಲೂ ಹಸೀನ ಇರ್ತಾವ್ರಿ ಅತ್ತಿ. ಹಿಟ್ಟ ನಾದೂ ಕೈಲೆನ ಮುಟ್ಟಿರಬೇಕು" ಎಂದಳು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸಿದ್ದವ್ವ ಅದನ್ನು ಕೇಳಿಸಿಕೊಂಡಳು. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಬಡಿದವಳು. "ಅಕ್ಕಾರ, ಬರಣಿ ಮುಟ್ಟಿದ್ರ ನನ್ನ ಕೈ ಸೇದಿಹೋಗ್ಲಿ. ಇಷ್ಟ ಅನುಮಾನ ಇದ್ರ ನಾಳಿಂದ ಬರಂಗಿಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅಲ್ಲೇ ಇದ್ದೆ. ಬಾಯಿ ತೆರೆದೆ. ಬಾಯಿಂದ ಹೊರಬಿದ್ದದ್ದು, "ಮಳಿಗಾಲದ ಹವಾ ಇರಬಹುದು" ಎಂಬ ಮಾತು. ಗೌರತ್ತಿ ನನ್ನತ್ತ ತಿರುಗಿ ನೋಡಿ, "ಸಿದ್ದೂ, ಆಯ್ತವಾರದ ತನಕಾ ಬಾ. ಆಮ್ಯಾಲ ಬಿಡೂದಿದ್ರ ಬಿಡು" ಎಂದರು. ಆಮೇಲೆ ಶೈಲಾಗೆ, "ಟೀವ್ಯಾಗ ನೋಡಿಲ್ಲೇನ? ಕೆಲಸದಾಕಿ ಮ್ಯಾಲ ಮೊದಲ ಅನುಮಾನ ಬಂತಂದ್ರ ಆಕಿ ಅಲ್ಲ ಅಂತನ ತಿಳೀಬೇಕು" ಎಂದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮೂರು ದಿನ ಸಿದ್ದವ್ವ ಮಾತಿಲ್ಲದೆ ರೊಟ್ಟಿ ಬಡಿದಳು. ಮೊದಲೆಲ್ಲ ಆ ಸಪ್ಪಳದಲ್ಲಿ ಒಂದು ತಾಳ ಇರುತ್ತಿತ್ತು. ಈಗ ಪ್ರತಿ ಏಟೂ ನನ್ನ ಬೆನ್ನ ಮೇಲೆ ಬಿದ್ದಂತಾಗುತ್ತಿತ್ತು. ಇವತ್ತು ಹೇಳೋಣ, ಊಟವಾದ ಮೇಲೆ ಹೇಳೋಣ, ಚಹಾ ಆದ ಮೇಲೆ ಹೇಳೋಣ ಎಂದು ಮುಂದೂಡುತ್ತ ಬಂದೆ. ಕಡತಗಳನ್ನು ಮುಂದೂಡುವುದರಲ್ಲಿ ಮೂವತ್ತು ವರ್ಷದ ಅನುಭವ ಇರುವವನಿಗೆ ಇದೇನು ಮಹಾ!

ಭಾನುವಾರ ಸಂಜೆಯ ಕತೆಯಲ್ಲಿ ಎಂದಿನಂತೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿದರು. ಕೊಲೆಗಾರ ಸಿಕ್ಕ. ಗೌರತ್ತಿ ಟೀವಿ ಆರಿಸಿ, "ಎಲ್ಲಾರೂ ಪಡಸಾಲ್ಯಾಗ ಕುಂಡ್ರಿ" ಎಂದರು. ಮೂರು ಸಣ್ಣ ಬರಣಿ, ಮೂರು ಬಟ್ಟೆ ತುಂಡು, ಮೂರು ದಾರ ಮುಂದಿಟ್ಟು, "ಒಬ್ಬೊಬ್ಬರೂ ಒಂದೊಂದರ ಬಾಯಿ ಕಟ್ರಿ" ಎಂದರು.

ಶೈಲಾ ಜಡೆಗೆ ಟೇಪು ಕಟ್ಟುವಂತೆ ಕಟ್ಟಿದಳು. ಸಿದ್ದವ್ವ ಮಗ್ಗದಲ್ಲಿ ಹರಿದ ಎಳೆ ಕೂಡಿಸುವ ನೇಕಾರರ ಗಂಟು ಹಾಕಿದಳು. ಎಲ್ಲಿ ಹಾಕಿದಳೆಂದು ಹುಡುಕಿದರೂ ಕಾಣಿಸಲಿಲ್ಲ, ಇನ್ನು ಬಿಚ್ಚುವ ಮಾತೆಲ್ಲಿ. ನನ್ನ ಸರದಿ ಬಂತು. ಬೇರೆ ಏನಾದರೂ ಗಂಟು ಹಾಕಿದರೆ ಪಾರಾಗುತ್ತೇನೆ ಎಂಬುದು ನನಗೆ ಅರ್ಥವಾಗಿತ್ತು. ಎದುರಿಗೆ ಸಿದ್ದವ್ವ ಕೆಂಪು ಕಣ್ಣಲ್ಲಿ ನೋಡುತ್ತಿದ್ದಳು. ಆಗ ನನ್ನ ಆತ್ಮಸಾಕ್ಷಿ ಎಚ್ಚೆತ್ತಿತು ಎಂದು ನೆಂಟರ ಮುಂದೆ ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ಯಾಕೆ ಸುಳ್ಳು? ಎಚ್ಚೆತ್ತದ್ದು ಆತ್ಮಸಾಕ್ಷಿಯಲ್ಲ, ಬೆರಳು. ಮೂವತ್ತು ವರ್ಷ ದಫ್ತರ ಕಟ್ಟಿದ ಬೆರಳುಗಳು ನನ್ನನ್ನು ಒಂದು ಮಾತೂ ಕೇಳದೆ ದಾರವನ್ನು ಎರಡು ಸುತ್ತು ಸುತ್ತಿ, ಎರಡು ಕಿವಿ ಬಿಟ್ಟು, ತುದಿಯನ್ನು ಅಡಿಗೆ ಸಿಕ್ಕಿಸಿ, ಕಚೇರಿಯ ಕಡತದ ಗಂಟು ಹಾಕಿ ಮುಗಿಸಿದವು.

ಗೌರತ್ತಿ ಸಂಚಿಯಿಂದ ಹಳೆಯ ದಾರ ತೆಗೆದು ಪಕ್ಕದಲ್ಲಿಟ್ಟರು. ಗಂಟು ಬಿಚ್ಚದೆ ಹಾಗೇ ಜಾರಿಸಿ ಇಟ್ಟುಕೊಂಡಿದ್ದರು. ಎರಡು ಸುತ್ತು, ಎರಡು ಕಿವಿ, ಅಡಿಗೆ ಸಿಕ್ಕಿಸಿದ ತುದಿ. ಸಾಹೇಬರ ಸಹಿಗೆ ಕಳಿಸುವುದೊಂದೇ ಬಾಕಿ.

"ಹೊಟ್ಟ್ಯಾಗ ಹುಣ್ಣ ಇಟಗೊಂಡು ಬರಣಿಗೆ ಕೈ ಹಾಕೀರೆಲ್ಲರೀ!" ಎಂದು ಶೈಲಾ ಹಣೆ ಬಡಿದುಕೊಂಡಳು. ಆಮೇಲೆ ಸಿದ್ದವ್ವನ ಕಡೆ ನೋಡಲಾರದೆ ತಲೆ ತಗ್ಗಿಸಿ, "ತಪ್ಪಾತು ಸಿದ್ದವ್ವಾ" ಎಂದಳು. ಸಿದ್ದವ್ವ ಕಣ್ಣೊರೆಸಿಕೊಂಡು ನಕ್ಕಳು. "ಅಯ್ಯ ಸಾಹೇಬ್ರ, ನನಗ ಹೇಳಿದ್ರ ನಮ್ಮನಿ ಖಾರಾನ ಒಂದ ಚಿಟಿಕಿ ರೊಟ್ಟಿ ನಡುವ ಇಟ್ಟ ಕೊಡ್ತಿದ್ನೆಲ್ರಿ!"

ಗೌರತ್ತಿ ನಗದೆ ನನ್ನತ್ತ ತಿರುಗಿದರು. "ಶಂಕ್ರ್ಯಾ, ಖಾರ ಹೋತು, ಹೋಗ್ಲಿ. ದಾರ ನೋಡಿದಾಗನ ನನಗ ಗೊತ್ತಾಗಿತ್ತು. ನೀನ ಬಾಯಿ ಬಿಡ್ತಿ ಅಂತ ಆಯ್ತವಾರದ ತನಕಾ ಕಾದೆ. ಆಕಿ ಮೂರು ದಿನಾ ಅಳಕೋತ ರೊಟ್ಟಿ ಬಡದಾಳ. ಅದನ್ನ ಯಾವ ಬರಣ್ಯಾಗ ತುಂಬಿಡ್ತೀ ಹೇಳು?"

ನಾನು ಸಿದ್ದವ್ವನಿಗೆ ಕೈಮುಗಿದೆ. ಗೌರತ್ತಿಯೇ ತೀರ್ಪು ಕೊಟ್ಟರು. "ಬ್ಯಾಸಗ್ಯಾಗ ನನ್ನ ಮುಂದ ಕುಂತ ಮೆಣಸಿನಕಾಯಿ ತೊಟ್ಟ ಮುರಿ. ಒಂದ ಉಳೀಬಾರದು. ಇದ ಕಡೀ ಖಾರ ಅಂದಿದ್ದೆ. ನಿನ್ನ ಸಲುವಾಗಿ ಇನ್ನೊಂದ ವರ್ಷ ಇರಬೇಕಾತು ನೋಡು."

ಈ ಬೇಸಿಗೆಯಲ್ಲಿ ತೊಟ್ಟು ಮುರಿದೆ. ಎರಡು ದಿನ ಬೆರಳು ಉರಿದವು. ಅಪರಾಧಿಗಳು ಅವೇ ಆದ್ದರಿಂದ ನನಗೆ ಕನಿಕರ ಬರಲಿಲ್ಲ. ಗೌರತ್ತಿ ಮಸಾಲೆ ಹುರಿದರು, ಸಿದ್ದವ್ವ ಬರಣಿಗೆ ಒತ್ತಿದಳು, ಮನೆಯವರೆಲ್ಲ ಸೀನಿದೆವು. ಬಟ್ಟೆ ಕಟ್ಟುವಾಗ ಈ ಸಲ ಗೌರತ್ತಿ "ಇದ ಕಡೀ" ಎನ್ನಲಿಲ್ಲ. ಅದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ಕೊಲೆಗಾರನಿಂದ ಒಬ್ಬರ ಆಯುಷ್ಯ ಹೆಚ್ಚಿದ್ದು ಆ ಟೀವಿಯ ಯಾವ ಕತೆಯಲ್ಲೂ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಧಾರಿಸಿದ ಮನುಷ್ಯ ಎಂದು ನೀವು ನಂಬಬಹುದಿತ್ತು. ಆದರೆ ಹೊಸ ಖಾರದ ವಾಸನೆ ಪಡಸಾಲೆಯವರೆಗೂ ಬರುತ್ತದೆ. ಹುಣ್ಣು ಮುಕ್ಕಾಲು ವಾಸಿಯಾಗಿದೆ. ಮುಂದಿನ ತಿಂಗಳು ಬೀಗರ ಮನೆಯಲ್ಲಿ ಮತ್ತೊಂದು ಕಾರ್ಯವಿದೆ. ಹೀಗಾಗಿ ನಾಲ್ಕು ದಿನದಿಂದ ಕಚೇರಿಯಲ್ಲಿ, ಯಾರೂ ಇಲ್ಲದಾಗ, ಕಡತಗಳಿಗೆ ನೇಕಾರರ ಗಂಟು ಹಾಕಿ ರೂಢಿ ಮಾಡಿಕೊಳ್ಳುತ್ತಿದ್ದೆ. ನಿನ್ನೆಗೆ ಕೈ ಕುದುರಿತ್ತು. ಒಂದು ಒಣ ಚಮಚವನ್ನೂ ಬೇರೆ ತೆಗೆದಿಟ್ಟಿದ್ದೆ.

ಇವತ್ತು ಬೆಳಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ಸಿದ್ದವ್ವನ ರೊಟ್ಟಿಯ ತಾಳ ಒಮ್ಮೆಲೆ ನಿಂತಿತು. ಗೌರತ್ತಿ ಸಂಚಿ ಬಿಚ್ಚುತ್ತ, ನನ್ನ ಕಡೆ ನೋಡದೆಯೇ ಕೇಳಿದರು: "ಏನೋ ಶಂಕ್ರ್ಯಾ, ನಿನ್ನ ಫೈಲ ಬಿಚ್ಚಾಕ ನಿನ್ನೆ ಸಾಹೇಬ್ರು ಕತ್ತರಿ ತರಿಸಿದ್ರಂತ? ಸಿದ್ದೂನ ತಮ್ಮ ಬಸವರಾಜ ಹೇಳ್ತಿದ್ನಂತ."

ನಾನು ಬಾಗಿಲ ಕಡೆ ನೋಡಬೇಕಿತ್ತು. ಕೈ ನೋಡಿಕೊಂಡೆ.