ಇನ್ನೂರಾರು ಮೂಳೆಗಳ ಸಹವಾಸ

ಬದುಕಿರುವ ಮನುಷ್ಯ ಕೊಡುವ ಕಾಟ ಎಲ್ಲರಿಗೂ ಗೊತ್ತು. ಬರೀ ಮೂಳೆಯಾದ ಮೇಲೂ ಅವನು ಎಷ್ಟು ಕಾಟ ಕೊಡಬಲ್ಲ ಎಂದು ತಿಳಿಯಬೇಕಾದರೆ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಬೇಕು. ಐವತ್ತರ ದಶಕದ ಕೊನೆಯಲ್ಲಿ ನಾನು ಜಯನಗರದಲ್ಲಿ ಆಗಿದ್ದೆ. ಆಗ ಜಯನಗರವೆಂದರೆ ಒಂದಷ್ಟು ಹೊಸ ಮನೆ, ನಡುನಡುವೆ ರಾಗಿ ಹೊಲ.

೧. ಜಟಕಾ ಸವಾರಿ

ಬಸವನಗುಡಿಯ ವಯಸ್ಸಾದ ಡಾಕ್ಟರೊಬ್ಬರು ತಮ್ಮಲ್ಲಿದ್ದ ಅಸ್ಥಿಪಂಜರವನ್ನು ನಮ್ಮ ಶಾಲೆಗೆ ದಾನ ಕೊಟ್ಟರು. ಹರಿದ ಪಟ ತೋರಿಸಿ ಪಾಠ ಮಾಡುತ್ತಿದ್ದ ನನಗೆ ನಿಧಿ ಸಿಕ್ಕಷ್ಟು ಸಂತೋಷ. ಅವರ ಹೊಟ್ಟೆ ತಣ್ಣಗಿರಲಿ.

ಕುದುರೆ ಬೆದರೀತೆಂದು ಜಟಕಾದವನು ಅದಕ್ಕೆ ತಲೆಯಿಂದ ಕಾಲಿನವರೆಗೆ ಶಾಲು ಹೊದಿಸಿ ನನ್ನ ಪಕ್ಕ ಕೂರಿಸಿದ. ದಾರಿಯಲ್ಲಿ ಹತ್ತಿದ ಅಜ್ಜಿಯೊಬ್ಬರು, "ಸ್ವಲ್ಪ ಸರ್ಕೊಳಮ್ಮ," ಎಂದು ಅದರ ಭುಜ ಹಿಡಿದು ಸರಿಸಿದರು. ಹಿಡಿದ ಕೈ ಅಲ್ಲೇ ನಿಂತಿತು. ನನ್ನನ್ನು ದುರುಗುಟ್ಟಿ ನೋಡಿದರು.

"ಏನ್ರೀ, ಹೆಂಡ್ತಿ ಹೊಟ್ಟೆಗೆ ಏನಾದ್ರೂ ಹಾಕ್ತೀರೋ ಇಲ್ವೋ?"

ಇಳಿಯುವಾಗ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಶಾಲಿನ ಮಡಿಲಲ್ಲಿಟ್ಟು ಹೋದರು. ಪುಣ್ಯಾತ್ಗಿತ್ತಿ! ಹಣ್ಣು ನಾನೇ ತಿಂದೆ.

೨. ಸ್ನಾನದ ಪೀರಿಯಡ್ಡು

ನಮ್ಮ ಹೆಡ್‌ಮಾಸ್ಟರು ಬಹಳ ಮಡಿವಂತರು. "ತಂದದ್ದು ತಂದಿದೀರಿ. ಆದ್ರೆ ಮುಟ್ಟಿದ ಮಕ್ಕಳು ಮನೆಗೆ ಹೋಗಿ ಸ್ನಾನ ಮಾಡಿ ಬರ್ಬೇಕು. ಒಬ್ಬರೇ ಒಬ್ಬರು ಮನೆಯವರು ಬಂದು ತಕರಾರು ಮಾಡಿದ್ರೂ ಮಾರನೇ ದಿನ ಇದು ವಾಪಸ್ಸು," ಎಂದರು.

ನನ್ನ ಪಾಠದ ನಂತರ ಲೆಕ್ಕದ ಪೀರಿಯಡ್ಡು. ಅದುವರೆಗೆ ಹೆದರಿ ಬಾಗಿಲಲ್ಲೇ ನಿಲ್ಲುತ್ತಿದ್ದ ಮಕ್ಕಳಿಗೆ ಮೂಳೆಗಳ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟಿತು. ಸಾಲಾಗಿ ಬಂದರು, ಮುಟ್ಟಿದರು, ಮನೆಗೆ ಓಡಿದರು. ವಾರವಿಡೀ ಲೆಕ್ಕದ ಮೇಷ್ಟ್ರು ಖಾಲಿ ಬೆಂಚುಗಳಿಗೆ ಭಿನ್ನರಾಶಿ ಹೇಳಿಕೊಟ್ಟರು.

ಮುಂದಿನ ಸೋಮವಾರ ಅವರು ಚೊಂಬಿನ ತುಂಬ ಅರಿಶಿನದ ನೀರು ಹಿಡಿದು ನನ್ನ ಕ್ಲಾಸಿನ ಬಾಗಿಲಿಗೇ ಬಂದು ನಿಂತರು. ಹೊರಬಂದ ಪ್ರತಿ ತಲೆಯ ಮೇಲೂ ಚಿಮುಕಿಸಿ, "ಸ್ನಾನ ಆಯ್ತು, ನಡೀರೋ ಒಳಗೆ!" ಎಂದರು.

೩. ಪುಟ್ಟೇನಹಳ್ಳಿಯ ತಾತ

ಕೊನೆಗೂ ತಕರಾರು ಬಂತು. ಪುಟ್ಟೇನಹಳ್ಳಿಯಿಂದ ಬರುವ ಹುಡುಗಿಯೊಬ್ಬಳಿಗೆ ಜ್ವರ. ಅವಳ ತಾತ ಸುತ್ತಲ ಹಳ್ಳಿಗಳಲ್ಲೆಲ್ಲ ಮುರಿದ ಮೂಳೆ ಕೂರಿಸಿ ಕಟ್ಟು ಕಟ್ಟುವುದರಲ್ಲಿ ಎತ್ತಿದ ಕೈ. ಅವರು ಹೆಡ್‌ಮಾಸ್ಟರ ಮುಂದೆ ಬಂದು ನಿಂತರು.

"ಸತ್ತೋರ್ನ ತಂದು ಇಸ್ಕೂಲಲ್ಲಿ ನಿಲ್ಸವ್ರೆ. ಮಗೀಗೆ ಗಾಳಿ ಸೋಕೈತೆ ಸೋಮಿ."

"ನಾಳೆ ಬೆಳಿಗ್ಗೆ ಸಾಗಿಸಿಬಿಡಿ," ಎಂದು ಹೆಡ್‌ಮಾಸ್ಟರು ನನಗೆ ಹೇಳಿದರು.

ಮತ್ತೆ ಆ ಹರಿದ ಪಟವೇ ಗತಿ. "ಯಜಮಾನ್ರೇ, ಒಂದ್ಸಲ ನೋಡ್ಬಿಟ್ಟು ಹೋಗಿ," ಎಂದು ತಾತನ ಕೈ ಹಿಡಿದು ಬೇಡಿಕೊಂಡು ಕ್ಲಾಸಿಗೆ ಕರೆತಂದೆ.

ತಾತ ದೂರವೇ ನಿಂತರು. ಆಮೇಲೆ ಹತ್ತಿರ ಬಂದು ಒಂದೊಂದೇ ಕೀಲು ತಡವಿದರು. ಅವರ ಕಣ್ಣು ತುಂಬಿತ್ತು. "ಜೀವ್ಮಾನವೆಲ್ಲ ತೊಗಲ ಮೇಲಿಂದ್ಲೇ ತಡವಿದ್ದೆ ಮೇಷ್ಟ್ರೇ. ಇವತ್ತು ಕಣ್ಣಾರ ಕಂಡೆ," ಎಂದರು. ಮರುಕ್ಷಣ ಹುಬ್ಬು ಗಂಟಿಕ್ಕಿತು.

"ಇದೇನ್ರೀ, ಈವಪ್ಪನ ಮೊಣಕೈ ಹಿಂದಕ್ಕೆ ಮಡಚ್ತದೆ? ಹಿಂಗಾದ್ರೆ ಮುದ್ದೆ ಬಾಯಿಗಿಕ್ಕೋದೆಂಗೆ?"

ತಿಂಗಳ ಹಿಂದೆ ಅದು ಸ್ಟೂಲಿನಿಂದ ಬಿದ್ದು ತೋಳುಗಳು ಕಳಚಿದ್ದವು. ತಂತಿ ಹಾಕಿ ಕಟ್ಟಿದವನು ನಾನೇ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕಟ್ಟಿದ್ದೆ! ಅದನ್ನೇ ತೋರಿಸಿ ಪಾಠವನ್ನೂ ಮಾಡಿದ್ದೆ. ಮೊಣಕೈ ಹಿಂದಕ್ಕೆ ಮಡಚುತ್ತದೆ ಎಂದು ಬರೆದ ಮಕ್ಕಳಿಗೆಲ್ಲ ಮಾರ್ಕ್ಸ್ ಕೊಟ್ಟಿದ್ದೆ.

ತಾತ ಎರಡೂ ತೋಳು ಬಿಚ್ಚಿ ಸರಿಯಾಗಿ ಕೂರಿಸಿದರು. ಅಭ್ಯಾಸದ ಕೈ ಸುಮ್ಮನಿರಬೇಕಲ್ಲ, ಬೇಲಿಯಿಂದ ಬಿದಿರ ದಬ್ಬೆ ತರಿಸಿ, ಹೆಗಲ ಮೇಲಿನ ವಸ್ತ್ರ ಹರಿದು ಬಿಗಿಯಾಗಿ ಕಟ್ಟನ್ನೂ ಹಾಕಿದರು. ಅಷ್ಟರಲ್ಲಿ ಹೆಡ್‌ಮಾಸ್ಟರು ಇಣುಕಿ, "ಏನ್ ಯಜಮಾನ್ರೇ, ನಾಳೆ ಸಾಗಿಸಿದ್ರೆ ಸಮಾಧಾನ ತಾನೇ?" ಎಂದರು.

ತಾತ ಕೆರಳಿ ನಿಂತರು. "ಸಾಗ್ಸೋದಾ? ಕಟ್ಟು ಹಾಕಿವ್ನಿ ಸೋಮಿ! ಮೂರು ವಾರ ಅಲ್ಲಾಡ್ಸಂಗಿಲ್ಲ!"

ಹೆಡ್‌ಮಾಸ್ಟರು ಇಣುಕಿದ್ದ ತಲೆಯನ್ನು ಹಿಂದಕ್ಕೆಳೆದುಕೊಂಡರು. ಮೊಮ್ಮಗಳ ಜ್ವರ ಎರಡು ದಿನದಲ್ಲಿ ಇಳಿಯಿತು. ಆ ತಾತನಿಗೆ ನಾನು ಇಂದಿಗೂ ಋಣಿ. ಮೂರು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಕಟ್ಟನ್ನು ಒತ್ತಿ ನೋಡಿ, ಹೆಡ್‌ಮಾಸ್ಟರಿಗೆ ಕೇಳುವಂತೆ ಜೋರಾಗಿ, "ಇನ್ನೂ ಮೂಳೆ ಕೂಡ್ಕೊಂಡಿಲ್ಲ," ಎನ್ನುತ್ತಿದ್ದರು.

ಆರು ವರ್ಷದ ಮೇಲೆ ನನಗೆ ವರ್ಗವಾಯಿತು. ಆಗಲೂ ಕೂಡಿಕೊಂಡಿರಲಿಲ್ಲ.