ಮಗ್ಗಿ ರಾಗದಲ್ಲಿ ಫ್ರೆಂಚು

ನನಗೆ ಬರದೇ ಇರೋದನ್ನ ಇನ್ನೊಬ್ರಿಗೆ ಹೇಳ್ಕೊಡೋದ್ರಲ್ಲಿ ನಾನು ಎತ್ತಿದ ಕೈ. ಈಜು ಬರಲ್ಲ, ಆದ್ರೂ ನಮ್ಮೆಜಮಾನ್ರಿಗೆ ದಡದಲ್ಲಿ ನಿಂತೇ ಕಲಿಸಿದೀನಿ. ಈಗ ಫ್ರೆಂಚು.

ಎಂಟನೇ ಕ್ಲಾಸಿನ ನನ್ನ ಮಗಳು ಸಿಂಚನ ಸಂಸ್ಕೃತ ಬಿಟ್ಟು ಫ್ರೆಂಚ್ ತಗೊಂಡಿದ್ದು ಭಾಷೆ ಮೇಲಿನ ಪ್ರೀತಿಗಲ್ಲ, ಗೆಳತಿ ಆಯೇಷಾ ಅಲ್ಲಿದಾಳೆ ಅಂತ. ಆದ್ರೆ ಮಿಸ್ ಮುಂದೆ ನಿಂತ್ರೆ ಇವಳ ದನಿ ಗಂಟಲಲ್ಲೇ ಇಂಗೋಗುತ್ತೆ. ಈ ಸಲ ಓರಲ್ ಪರೀಕ್ಷೇಲೂ ಬಾಯಿ ಬಿಡದಿದ್ರೆ ವಾಪಸ್ ಸಂಸ್ಕೃತಕ್ಕೆ ಕಳಿಸ್ತೀನಿ ಅಂದಿದ್ರಂತೆ. ಅವತ್ತಿಂದ ಮಗು ಸರಿಯಾಗಿ ಊಟಾನೇ ಮಾಡ್ಲಿಲ್ಲ.

ಪುಸ್ತಕ ತೆಗೆದ್ವಿ. ಫಿನೀರ್, ಅಂದ್ರೆ 'ಮುಗಿಸು'. ತುಂಡು ಮಾಡಿ ಹೇಳ್ಬೇಕು ಅಂತ ಅವಳೇ ತೋರಿಸಿದ್ಳು. ಜ ಫಿ-ನಿ, ನಾನು ಮುಗಿಸ್ತೀನಿ; ತ್ಯು ಫಿ-ನಿ, ನೀನು ಮುಗಿಸ್ತೀಯ; ನೂ ಫಿ-ನಿ-ಸೋಂ, ನಾವು ಮುಗಿಸ್ತೀವಿ. ಬರೆದಿರೋ ಅಕ್ಷರದಲ್ಲಿ ಅರ್ಧ ಹೇಳೋಹಂಗೇ ಇಲ್ಲ. ನಮ್ಮ ಚಿಂತಾಮಣಿ ಮಾರ್ಕೆಟ್ಟಲ್ಲಿ ಕೊಳೆತ ಟೊಮೇಟೊ ಆರಿಸಿದಂಗೆ ಪಕ್ಕಕ್ಕೆ ಎಸೀತಾ ಹೋಗ್ಬೇಕು.

ತುಂಡು ತುಂಡಾಗಿ ಹೇಳ್ತಿದ್ದಂಗೆ ನನಗೆ ತವರೂರು ನಗರಗೆರೆಯ ನಮ್ಮನೆ ಜಗಲಿ ನೆನಪಾಯ್ತು. ಸಂಜೆ ಅಪ್ಪ ಹೊಲದಿಂದ ಬಂದು ಕಾಲು ತೊಳ್ಕೊಂಡು ಕೂತ್ರೆ ನಮಗೆ ಮಗ್ಗಿ. ತೊಡೆ ತಟ್ಕೊಂಡು ರಾಗವಾಗಿ ಹೇಳ್ಬೇಕು. ನಡುವೆ ತಪ್ಪಿದ್ರೆ ಅಪ್ಪ ಬೈತಿರ್ಲಿಲ್ಲ, "ಮೊದಟ್ನಿಂಚಿ" ಅಂತ ತೆಲುಗಲ್ಲಿ ಒಂದೇ ಮಾತು. ಮತ್ತೆ ಮೊದಲಿಂದ ಶುರು. ಜಗಲಿ ಮೇಲೆ ಅಪ್ಪನ ಒದ್ದೆ ಪಾದದ ಗುರುತು, ಬೀಡಿ ವಾಸನೆ, ದನಿಗೂಡಿಸೋ ಎದುರು ಮನೆ ಮಕ್ಕಳು. ಒಬ್ಬಳೇ ಮಾತಾಡೋಕೆ ನಾಚ್ತಿದ್ದ ನಾನು ಆ ರಾಗದಲ್ಲಿ ಮಾತ್ರ ಊರಿಗೆ ಕೇಳೋಹಂಗೆ ಕೂಗ್ತಿದ್ದೆ. ಅಪ್ಪ ಹೋದ್ಮೇಲೆ ಆ ರಾಗ ಯಾರ ಬಾಯಲ್ಲೂ ಕೇಳಿರ್ಲಿಲ್ಲ.

ಅದೇ ರಾಗ ಫ್ರೆಂಚಿಗೆ ಹಾಕಿದೆ. ಸಿಂಚನ ಮೊದಲು ಮುಖ ಮುಚ್ಕೊಂಡ್ಳು, ಆಮೇಲೆ ನಿಧಾನಕ್ಕೆ ತೊಡೆ ತಟ್ಟಿದ್ಳು. ಪರೀಕ್ಷೆ ಹೊತ್ತಿಗೆ ದನಿ ಬೀದಿಗೆ ಕೇಳ್ತಿತ್ತು. ನನಗೆ ಯಾಕೋ ಕಣ್ಣು ಒದ್ದೆ.

ಪರೀಕ್ಷೆ ದಿನ ಬಂದವಳೇ ಬ್ಯಾಗ್ ಎಸೆದ್ಳು. ಮಿಸ್ ನೇರವಾಗಿ 'ನಾವು ಮುಗಿಸ್ತೀವಿ' ಅನ್ನೋದನ್ನ ಕೇಳಿದ್ರಂತೆ. ಮಗ್ಗಿ ಕಲ್ತೋರಿಗೆ ಗೊತ್ತು, ನಡುವಿಂದ ಕಿತ್ತು ಕೇಳಿದ್ರೆ ಬರಲ್ಲ. ಇವಳು ತೊಡೆ ತಟ್ಕೊಂಡು 'ನಾನು ಮುಗಿಸ್ತೀನಿ'ಯಿಂದ ಶುರು ಮಾಡಿದಾಳೆ.

"ಸಾಕು ಅಂದ್ರೂ ನಿಲ್ಸಕ್ಕಾಗ್ಲಿಲ್ಲ ಕಣಮ್ಮ, ಮುಂದಿನ ಪಾಠದ್ದೂ ಹೇಳ್ಬಿಟ್ಟೆ. ಕ್ಲಾಸೆಲ್ಲ ನಕ್ಕಿದ್ದೇ ನಕ್ಕಿದ್ದು."

"ಸಂಸ್ಕೃತಕ್ಕೆ ಹಾಕಿದ್ರೇನೇ?" ಅಂದೆ.

"ಇಲ್ಲ. ದನಿ ಇದೆ ಅಂತ ಗೊತ್ತಾಯ್ತು, ಹೋಗಿ ಆಯೇಷಾ ಪಕ್ಕ ಕೂತ್ಕೋ ಅಂದ್ರು."

ಪೇಪರ್ ಹಿಂದಿಂದ ನಮ್ಮೆಜಮಾನ್ರು, ಶುರು ಮಾಡಿದ್ರೆ ನಿಲ್ಸಕ್ಕಾಗದೇ ಇರೋದು ರಾಗದ ತಪ್ಪಲ್ಲ, ಮನೆತನದ್ದು ಅಂದ್ರು. ಯಾವ ಮನೆತನ ಅಂತ ಕೇಳೋಕೆ ಬಾಯಿ ತೆಗೆದೆ. ಯಾಕೋ ಜೀವನದಲ್ಲಿ ಮೊದಲ್ನೇ ಸಲ ಮಾತು ಅಲ್ಲಿಗೇ ಮುಗಿಸ್ದೆ.