ತಮ್ಮ ಅತ್ಯಂತ ವಿಧೇಯ ಸೇವಕ

ಬೇರೆಯವರಿಗೆ ಅರ್ಜಿ ಬರೆದುಕೊಡುವವನ ಬಾಳಿನಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ನಗುವವರು ಮಾತ್ರ ಬೇರೆಯವರು.

ಐವತ್ತರ ದಶಕದ ಕೊನೆಯ ಮಾತು. ಮಧುಗಿರಿಯ ಬಸ್ ನಿಲ್ದಾಣದ ಹತ್ತಿರ, ಮಾಳಿಗೆಯ ಮೇಲೆ, ನಾನೊಂದು ಟೈಪಿಂಗ್ ಶಾಲೆ ಇಟ್ಟುಕೊಂಡಿದ್ದೆ. ಶಾಲೆ ಎಂದರೆ ಎರಡು ಮೆಷಿನ್ನು, ನಾಲ್ಕು ಸ್ಟೂಲು, ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುವ ಒಂದು ಬೆಂಚು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹುಡುಗರು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಕಾಲೇಜು ಓದಿ, ಬೇಸಿಗೆ ರಜಕ್ಕೆ ಊರಿಗೆ ಬರುವಾಗ ಬಗಲಲ್ಲಿ ಅರ್ಜಿ ಫಾರಂ ಇಟ್ಟುಕೊಂಡೇ ಬರುತ್ತಿದ್ದರು. ಡಾಕ್ಟರಿ, ಇಂಜಿನಿಯರಿಂಗ್, ಲಾ, ಗುಮಾಸ್ತೆ ಕೆಲಸ, ಯಾವುದಕ್ಕೇ ಆಗಲಿ ಇಂಗ್ಲಿಷ್ ಬೇಕು. ಅದು ನನ್ನ ಹತ್ತಿರ ಧಾರಾಳವಾಗಿತ್ತು. "ಬಿ.ಎಸ್ಸಿ.ಗೆ ಯಾವ ಸಬ್ಜೆಕ್ಟ್ ತಗೊಳ್ಳಲಿ ಸಾರ್?" ಎಂದು ಕೇಳಿದವರಿಗೆ ಸಲಹೆಯನ್ನೂ ಕೊಡುತ್ತಿದ್ದೆ. ಇಂಟರ್‌ಮೀಡಿಯಟ್‌ನಲ್ಲಿ ನಾನು ಎರಡು ಸಲ ಫೇಲಾಗಿದ್ದರಿಂದ ಎಲ್ಲ ಸಬ್ಜೆಕ್ಟುಗಳ ಪರಿಚಯವೂ ಚೆನ್ನಾಗಿತ್ತು.

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ನನಗೂ ಒಂದು ಸರ್ಕಾರಿ ಕೆಲಸ ಬೇಕಾಗಿತ್ತು. ಹನ್ನೊಂದು ಅರ್ಜಿ ಹಾಕಿದ್ದೆ. ಹನ್ನೊಂದಕ್ಕೂ ಉತ್ತರವಿಲ್ಲ. ವಯಸ್ಸಿನ ಮಿತಿ ದಾಟಲು ಇನ್ನೊಂದೇ ವರ್ಷ ಉಳಿದಿತ್ತು. ಅರ್ಜಿ ಬರೆಸಿಕೊಳ್ಳಲು ಬಂದ ಒಬ್ಬನಿಗಾದರೂ "ಈ ಮನುಷ್ಯ ಯಾಕೆ ಇನ್ನೂ ಇಲ್ಲೇ ಕೂತಿದ್ದಾನೆ?" ಎಂಬ ಅನುಮಾನ ಬರಲಿಲ್ಲ. ಬಂದದ್ದು ನನ್ನ ಹೆಂಡತಿಗೆ. ಅವಳು ಎಸ್.ಎಸ್.ಎಲ್.ಸಿ. ಪಾಸು. ಮಧ್ಯಾಹ್ನ ನನಗೆ ಬುತ್ತಿ ತಂದು, ನಾನು ಉಂಡು ಮುಗಿಸುವವರೆಗೆ ಎರಡನೇ ಮೆಷಿನ್ನಿನ ಮುಂದೆ ಕೂತು ಕುಟ್ಟುತ್ತಿದ್ದಳು. ಹಾಗೆ ಕುಟ್ಟುತ್ತಲೇ ಟೈಪಿಂಗ್‌ನ ಲೋಯರ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಳು. ಪಾಪ, ಹೊತ್ತು ಹೋಗಲಿ ಎಂದು ನಾನೂ ಸುಮ್ಮನಿದ್ದೆ.

ಸೇವಕ ಯಾರು?

ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ, ಭಾರಿ ಜಮೀನಿನ ಯಜಮಾನರೊಬ್ಬರು ಬಿ.ಎ. ಮುಗಿಸಿದ ಮಗನನ್ನು ಕರೆದುಕೊಂಡು ಬಂದರು. ಲಾ ಕಾಲೇಜಿಗೆ ಅರ್ಜಿ. ನಾನು ಎಂದಿನಂತೆ ಒಂದೂವರೆ ಪುಟ ಟೈಪ್ ಮಾಡಿ, ಕೊನೆಗೆ "ತಮ್ಮ ಅತ್ಯಂತ ವಿಧೇಯ ಸೇವಕ" ಎಂಬ ಅರ್ಥದ ಇಂಗ್ಲಿಷ್ ಸಾಲು ಹಾಕಿದೆ. ಯಜಮಾನರು ಒಂದೊಂದು ಸಾಲಿಗೂ ಅರ್ಥ ಕೇಳುತ್ತ ಬಂದವರು ಅಲ್ಲಿಗೆ ಬಂದು ನಿಂತರು.

"ಏಮಯ್ಯಾ ಅಯ್ಯವಾರು, ಸೇವಕ ಅಂದ್ರೆ ಆಳು ಅಲ್ವೇನು?"

"ಅದು ಬರೀ ಪದ್ಧತಿ, ಯಜಮಾನರೇ."

"ಅದೇಮಿ ಪದ್ಧತಿ? ನಮ್ಮನೇಲಿ ಹದಿನಾರು ಜನ ಆಳು ಅವ್ರೆ. ಒಬ್ಬನಾದ್ರೂ ವಿಧೇಯ ಇಲ್ಲ. ನನ್ನ ಮಗ ಹೋಗಿ ಯಾರಿಗೋ ಅತ್ಯಂತ ವಿಧೇಯ ಆಳಾಗ್ಬೇಕಾ? ತೀಸೇಯ್, ತೆಗಿ ಅದನ್ನ!"

"ತೆಗೆದರೆ ಅಲ್ಲಿ ಏನು ಹಾಕಲಿ?"

ಅವರು ಮೀಸೆ ನೇವರಿಸಿಕೊಂಡು, "ನಿಮ್ಮ ಹಿತೈಷಿ ಅಂತ ಹಾಕು. ಗೌರವವಾಗಿರ್ತದೆ" ಎಂದರು.

ಹಾಕಿದೆ. ನನಗೇನು ಹೋಗಬೇಕು? ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಸಂತೋಷವಾಗಿಯೇ ಹಾಕಿದೆ. ತಿಂಗಳೊಳಗೆ ಹುಡುಗನಿಗೆ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಪ್ರಿನ್ಸಿಪಾಲರು ನಗುತ್ತ, "ಬನ್ನಿ ಬನ್ನಿ, ಈ ಕಾಲೇಜಿನ ಹಿತೈಷಿ ಯಾರೆಂದು ನೋಡಬೇಕಿತ್ತು" ಎಂದು ಕುರ್ಚಿ ತೋರಿಸಿ, ಸೀಟೂ ಕೊಟ್ಟು ಕಳಿಸಿದರಂತೆ.

ಸುದ್ದಿ ಕೇಳಿ ನನ್ನ ಹೆಂಡತಿ ಮೆಷಿನ್ನಿನಿಂದ ಕಣ್ಣೆತ್ತದೆ ಕೇಳಿದಳು: "ನೀವು ಹನ್ನೊಂದು ಸಲ ಸೇವಕರಾದ್ರಲ್ಲ, ಒಬ್ಬರಾದ್ರೂ ಕುರ್ಚಿ ಕೊಟ್ರೇನ್ರೀ?"

ನಂಬಲರ್ಹ ಮೂಲ

ನಾನು ಬರೆಯುವ ಕೆಲಸದ ಅರ್ಜಿಗಳೆಲ್ಲ ಒಂದೇ ವಾಕ್ಯದಿಂದ ಶುರುವಾಗುತ್ತಿದ್ದವು. ಅದರ ತಾತ್ಪರ್ಯ ಇಷ್ಟು: "ತಮ್ಮ ಕೃಪಾಪೂರ್ಣ ಆಡಳಿತಕ್ಕೆ ಒಳಪಟ್ಟ ಕಚೇರಿಯಲ್ಲಿ ಕೆಲವು ಸ್ಥಾನಗಳು ಖಾಲಿ ಬಿದ್ದಿರುವುದಾಗಿ ನಂಬಲರ್ಹ ಮೂಲಗಳಿಂದ ತಿಳಿದುಬಂದ ಕಾರಣ..." ಆ ವಾಕ್ಯ ಮುಗಿಯುವ ಹೊತ್ತಿಗೆ ಓದುವವರಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು. ನನಗೆ ಅದರ ಮೇಲೆ ಬಹಳ ಅಭಿಮಾನ.

ಸಿರಾದ ದರ್ಜಿ ಸಾಹೇಬರೊಬ್ಬರ ಮಗ ಇಂಟರ್‌ಮೀಡಿಯಟ್ ಪಾಸಾಗಿದ್ದ. ಅದೇ ಊರಿನ ಒಂದು ಸರ್ಕಾರಿ ಕಚೇರಿಗೆ ಅವನ ಅರ್ಜಿ ಹೋಯಿತು. ಅಲ್ಲಿನ ಸಾಹೇಬರು ಅವನನ್ನು ಕರೆಸಿ, "ನನ್ನ ಆಫೀಸಲ್ಲಿ ಜಾಗ ಖಾಲಿ ಇರೋದು ನನಗೇ ಗೊತ್ತಿಲ್ಲ. ನಿನಗೆ ಯಾರಪ್ಪ ಹೇಳಿದ್ದು? ಯಾವುದು ನಿನ್ನ ನಂಬಲರ್ಹ ಮೂಲ?" ಎಂದು ಗದರಿದರು.

ಹುಡುಗ ಸುಳ್ಳು ಹೇಳಿ ಗೊತ್ತಿದ್ದವನಲ್ಲ. "ನಿಮ್ಮ ಗುಮಾಸ್ತರೇ ಹೇಳಿದ್ರು ಸಾಬ್. ಹನ್ನೊಂದು ಗಂಟೆಗೆ ಪ್ಯಾಂಟಿನ ಅಳತೆ ಕೊಡೋಕೆ ಅಂಗಡಿಗೆ ಬಂದಿದ್ರು. ಜಲ್ದಿ ಮುಗಿಸಿ, ಆಫೀಸಲ್ಲಿ ಒಬ್ಬರೂ ಇಲ್ಲ, ಎಲ್ಲಾ ಕುರ್ಚಿ ಖಾಲಿ ಬಿದ್ದಿದೆ ಅಂದ್ರು."

ಸಾಹೇಬರು ಎದ್ದು ಹೊರಗಿನ ಹಾಲಿಗೆ ಬಂದರು. ಐದು ಕುರ್ಚಿ, ಐದು ಕುರ್ಚಿಯ ಬೆನ್ನಿಗೂ ಒಂದೊಂದು ಕೋಟು. ಕೋಟಿನೊಳಗೆ ಇರಬೇಕಾದವರು ಎದುರಿನ ಹೋಟೆಲಿನಲ್ಲಿದ್ದರು. ಸಾಹೇಬರಿಗೆ ಹುಡುಗ ಸಹಾಯ ಮಾಡಲು ಹೋಗಿ, "ಐದೂ ನಮ್ಮ ಅಬ್ಬಾ ಹೊಲಿದಿದ್ದೇ ಸಾಬ್" ಎಂದನಂತೆ.

ಅವನಿಗೆ ಅಲ್ಲೇ ಹಂಗಾಮಿ ಕೆಲಸ ಸಿಕ್ಕಿತು. ಸಂತೋಷದ ಸುದ್ದಿ ಹೇಳಲು ಮಧುಗಿರಿಗೆ ಬಂದ ದರ್ಜಿ ಸಾಹೇಬರ ಮುಖ ಮಾತ್ರ ಅರ್ಧ ಬಾಡಿತ್ತು. "ಶುಕ್ರಿಯಾ ಮಾಸ್ಟರ್ ಸಾಬ್. ಬೇಟಾಗೆ ನೌಕರಿ ಸಿಕ್ತು. ನಂಗೆ ಐದು ಗಿರಾಕಿ ಹೋದ್ರು."

ಮಚ್ಚೆ ಇಲ್ಲದ ಮೈ

ಹೊಳವನಹಳ್ಳಿ ಕಡೆಯ ಒಬ್ಬ ಹುಡುಗ ಡಾಕ್ಟರಿ ಸೀಟಿಗೆ ಅರ್ಜಿ ಹಾಕಲು ಅಜ್ಜಿಯ ಜತೆ ಬಂದ. ಫಾರಮ್ಮಿನಲ್ಲಿ "ಗುರುತಿನ ಚಿಹ್ನೆಗಳು, ಎರಡು" ಎಂದಿತ್ತು. ಮಚ್ಚೆ ಎಲ್ಲಿದೆ ಎಂದು ಕೇಳಿದೆ. ಹುಡುಗ ಅಂಗಿ ಬಿಚ್ಚಿ ಒಂದು ಸುತ್ತು ತಿರುಗಿದ. ಏನೂ ಇಲ್ಲ.

"ನಮ್ ಹುಡ್ಗುಂಗೆ ಒಂದ್ ಚುಕ್ಕೀನೂ ಇಲ್ಲ ಕಣಪ್ಪ. ಬಂಗಾರ್ದಂಗೆ ಸಾಕಿವ್ನಿ" ಎಂದು ಅಜ್ಜಿ ಬೀಗಿದಳು.

"ಬಂಗಾರಕ್ಕೆ ಸೀಟು ಕೊಡೋದಿಲ್ಲಜ್ಜಿ, ಗುರುತಿಗೆ ಕೊಡ್ತಾರೆ. ಗುರುತಿಲ್ಲದಿದ್ದರೆ ಇವನೇ ಅವನು ಅಂತ ಹೆಂಗೆ ಹೇಳೋದು?"

"ನಾನಿಲ್ವಾ ಹೇಳಕ್ಕೆ?" ಎಂದಳು ಅಜ್ಜಿ.

ಫಾರಮ್ಮಿನಲ್ಲಿ ಅಜ್ಜಿಯ ಕಾಲಂ ಇರಲಿಲ್ಲ. ಮಾರನೆಯ ದಿನ ಹುಡುಗ ಕುಂಟುತ್ತ ಬಂದ. ಹುಣಸೆಮರ ಹತ್ತಿ ಬಿದ್ದು, ಮೊಣಕಾಲು, ಮೊಣಕೈ ಎರಡನ್ನೂ ತರಚಿಕೊಂಡು ಬಂದಿದ್ದ. ಬಿದ್ದನೋ, ಬೀಳಿಸಿಕೊಂಡನೋ, ನಾನು ಕೇಳಲಿಲ್ಲ. "ಎಡ ಮೊಣಕಾಲಿನ ಮೇಲೆ ಗಾಯದ ಕಲೆ, ಬಲ ಮೊಣಕೈ ಮೇಲೆ ಗಾಯದ ಕಲೆ" ಎಂದು ಮುತ್ತಿನಂತೆ ಟೈಪ್ ಮಾಡಿದೆ.

ಎರಡು ತಿಂಗಳ ಮೇಲೆ ಸಂದರ್ಶನದಲ್ಲಿ ಡಾಕ್ಟರರು ಪ್ಯಾಂಟು ಮೇಲೆತ್ತಿಸಿ ನೋಡಿದರೆ ಕಾಲು ಕನ್ನಡಿಯಂತಿದೆ. ಕೈಯೂ ಹಾಗೇ. ಬೇರೆ ಗುರುತು ತಂದು ತೋರಿಸಲು ಒಂದು ವಾರ ಗಡುವು ಕೊಟ್ಟರು. ಅಜ್ಜಿ ನನ್ನ ಹತ್ತಿರ ಬಂದಾಗ ನಾಚಿಕೆಪಟ್ಟುಕೊಂಡೇನೂ ಇರಲಿಲ್ಲ.

"ರಾತ್ರೆ ಹಗ್ಲೂ ಅರಿಸ್ಣ ಹಚ್ಬುಟ್ಟೆ ಕಣಪ್ಪ. ನಮ್ ಕಡೆ ಅರಿಸ್ಣ ಅಂಗೆ, ಕಲೆ ಉಳಿಯಕ್ಕೇ ಬುಡಲ್ಲ. ಇನ್ನೊಂದ್ ಕಿತ ಮರ ಹತ್ಸಾನಾ?"

ತೀರಿಕೊಂಡ ತಂದೆ

ಇದು ನನ್ನದೇ ತಪ್ಪು. ಒಬ್ಬ ಹುಡುಗನ ತಂದೆ ನಿಜವಾಗಿಯೂ ತೀರಿಕೊಂಡಿದ್ದರು. ಅವನ ಅರ್ಜಿಯಲ್ಲಿ ಆ ಬಗ್ಗೆ ಮೂರು ಸಾಲು ಕರುಳು ಕಿವುಚುವಂತೆ ಬರೆದಿದ್ದೆ. ಅವನಿಗೆ ಕೆಲಸವಾಯಿತು. ಕೈಗುಣ ಚೆನ್ನಾಗಿದೆ ಎಂದು ಆ ಕಾರ್ಬನ್ ಪ್ರತಿಯನ್ನು ಮಾದರಿಯಾಗಿ ಗೋಡೆಗೆ ಅಂಟಿಸಿದೆ.

ಚನ್ನರಾಯನದುರ್ಗದ ಒಬ್ಬ ವಿದ್ಯಾರ್ಥಿ, ಇಂಜಿನಿಯರಿಂಗ್ ಸೇರಿದವನು, ಹಾಸ್ಟೆಲ್ ಅರ್ಜಿಗಾಗಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಅವನು ಕಾಯದೆ, ಗೋಡೆಯ ಮೇಲಿದ್ದದ್ದರಲ್ಲಿ ಕೆಲಸ ಎಂದಿದ್ದಲ್ಲಿ ಮಾತ್ರ ಹಾಸ್ಟೆಲ್ ಎಂದು ತಿದ್ದಿ, ಉಳಿದದ್ದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡು ಹೋಗಿಬಿಟ್ಟ. ಹಾಸ್ಟೆಲಿನ ವಾರ್ಡನ್ನರು ಅರ್ಜಿ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಹಾಸಿಗೆ ಸುರುಳಿ ಹೊತ್ತು ನಿಂತಿದ್ದವರನ್ನು ತೋರಿಸಿ, "ಪಾಪ, ಈಗ ನಿನ್ನ ನೋಡಿಕೊಳ್ಳುತ್ತಿರುವವರು ಇವರೇ ಏನಪ್ಪ? ಸೋದರಮಾವನೋ?" ಎಂದರು.

"ಇಲ್ಲ ಸಾರ್, ನಮ್ಮಪ್ಪ."

"ಅರ್ಜಿಯಲ್ಲಿ ತಂದೆ ತೀರಿಕೊಂಡರು ಅಂತಿದೆಯಲ್ಲ?"

ಸುರುಳಿ ಹೊತ್ತವರು ಸುರುಳಿ ಕೆಳಗಿಟ್ಟು ಕೇಳಿದರು: "ನಾನ್ಯಾವಾಗ್ಲಾ ತೀರ್ಕಂಡೆ?"

"ಸುಮ್ನಿರಪ್ಪ. ಟೈಪಿಂಗ್ ಮಾಸ್ಟ್ರು ಬರ್ದವ್ರೆ, ತಪ್ಪಿರಕಿಲ್ಲ."

ಆ ತಂದೆ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಬೆಂಚಿನ ಹಿಂದೆ ಸರಿದೆ. ಅವರು ಹೊಡೆಯಲು ಬಂದಿರಲಿಲ್ಲ. "ವೋಗ್ಲಿ ಬುಡಿ ಸೋಮಿ, ಹಾಸ್ಟ್ಲು ಸಿಕ್ತಲ್ಲ. ನಮ್ ಬೀಗ್ರು ನಾಕ್ ದಿನ ಇರಕ್ಕೆ ಬತ್ತೀವಿ ಅಂತ ಕಾಗ್ದ ಹಾಕವ್ರೆ. ಅವ್ರಿಗೂ ನಾನ್ ತೀರ್ಕಂಡೆ ಅಂತ ಹಿಂಗೇ ಒಂದ್ ಬರ್ಕೊಡಿ."

ನಾನು ಮೆಷಿನ್ನಿಗೆ ಕಾಗದ ಏರಿಸುತ್ತಿದ್ದೆ. ನನ್ನ ಹೆಂಡತಿ ತಡೆದಳು: "ಬೇಡಿ ಗೌಡ್ರೇ. ಹಾಗೆ ಬರೆದ್ರೆ ಹನ್ನೊಂದು ದಿನ ಇದ್ದುಬಿಡ್ತಾರೆ."

ಸ್ವಂತ ಬುದ್ಧಿ

ಅಷ್ಟರಲ್ಲಿ ನನ್ನ ವರ್ಷವೂ ಮುಗಿಯುತ್ತ ಬಂತು. ಪಾವಗಡದ ಒಂದು ಕಚೇರಿಗೆ ಟೈಪಿಸ್ಟ್ ಬೇಕೆಂದು ಜಾಹೀರಾತು ಬಂತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಅದಕ್ಕಾಗಿ ನನ್ನ ಜೀವಮಾನದ ಇಂಗ್ಲಿಷನ್ನೆಲ್ಲ ಸುರಿದು ಮೂರು ಹಾಳೆ ಟೈಪ್ ಮಾಡಿದೆ. ನಂಬಲರ್ಹ ಮೂಲ, ಕೃಪಾಪೂರ್ಣ ಆಡಳಿತ, ವಿಧೇಯ ಸೇವಕ, ಯಾವುದನ್ನೂ ಬಿಡಲಿಲ್ಲ.

"ನಾನೂ ಒಂದು ಹಾಕ್ಲೇನ್ರೀ?" ಎಂದಳು ನನ್ನ ಹೆಂಡತಿ.

"ಹಾಕು, ಹಾಕು. ಅಭ್ಯಾಸವಾಗುತ್ತೆ. ನಾನು ಬರೆದುಕೊಡ್ತೀನಿ."

"ಬೇಡ" ಎಂದು ತಾನೇ ಟೈಪ್ ಮಾಡಿಕೊಂಡಳು. ಒಟ್ಟು ನಾಲ್ಕು ಸಾಲು. ಎಸ್.ಎಸ್.ಎಲ್.ಸಿ. ಪಾಸು. ಟೈಪಿಂಗ್ ಪಾಸು. ಕೆಲಸ ಕೊಟ್ಟರೆ ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಬರುತ್ತೇನೆ. "ಇದು ಅರ್ಜಿಯೋ, ದಿನಸಿ ಚೀಟಿಯೋ?" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗುವುದಕ್ಕೆ ನನಗೆ ಹೆಚ್ಚು ಅವಕಾಶ ಸಿಗಲಿಲ್ಲ.

ಜಿಲ್ಲಾ ಕಚೇರಿಯಿಂದ ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂತು. ತುಮಕೂರಿಗೆ ಒಂದೇ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹೆದರಬೇಡ ಎಂದು ಅವಳಿಗೆ ಧೈರ್ಯ ಹೇಳಿದೆ. ಅರ್ಜಿಯ ನಕಲನ್ನು ನಾಲ್ಕು ಸಲ ತೆಗೆದು ನೋಡಿದವನು ಮಾತ್ರ ನಾನೇ. ಮೊದಲು ನನ್ನನ್ನು ಕರೆದರು. ಸಾಹೇಬರು ನನ್ನ ಮೂರು ಹಾಳೆಗಳನ್ನು ಮುಂದಿಟ್ಟುಕೊಂಡಿದ್ದರು.

"ಇದನ್ನು ಎಲ್ಲಿಂದ ಕಾಪಿ ಹೊಡೆದಿರಿ?"

"ಕಾಪಿಯಲ್ಲ ಸಾರ್, ನನ್ನ ಸ್ವಂತದ್ದು!"

"ಸ್ವಂತದ್ದೇ? ಈ ನಂಬಲರ್ಹ ಮೂಲವನ್ನು ನಾನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಆ ಕಡೆಯಿಂದ ಬರೋ ಅರ್ಜಿಯೆಲ್ಲ ಇದೇ. ಹೋದ ವಾರವಷ್ಟೇ ಇಬ್ಬರು ಇದನ್ನೇ ಕಳಿಸಿದ್ದಾರೆ. ಅವರು ಹುಡುಗರು, ಹೋಗಲಿ. ಇಷ್ಟು ವಯಸ್ಸಾದ ನಿಮಗೆ ನಾಲ್ಕು ಸಾಲು ಬರೆಯುವ ಸ್ವಂತ ಬುದ್ಧಿ ಬೇಡವೇ?"

ನನ್ನ ಇಂಗ್ಲಿಷನ್ನೇ ನಾನು ಕದ್ದವನಾದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಕಣ್ಣಲ್ಲಿ ನೀರು ಬಂತು; ಸುಳ್ಳು ಯಾಕೆ ಹೇಳಲಿ?

ನನ್ನ ಹೆಂಡತಿ ಒಳಗೆ ಹೋಗಿ ಐದೇ ನಿಮಿಷಕ್ಕೆ ಬಂದಳು. "ಅರ್ಜಿ ಬರೆದುಕೊಟ್ಟವರು ಯಾರಮ್ಮಾ ಅಂತ ಕೇಳಿದ್ರು. ನಾನೇ ಅಂದೆ. ಓದಿದ ಕೂಡಲೇ ಅರ್ಥವಾಯ್ತು, ಅದಕ್ಕೇ ಕೇಳಿದೆ ಅಂದ್ರು."

ಆರ್ಡರು ಬಂದದ್ದು ಅವಳಿಗೆ. ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಹಸಿವು ಸಂಬಳ ಯಾರದೆಂದು ಕೇಳುವುದಿಲ್ಲ ಎಂದು ತಿಳಿದು ಉಂಡೆ. ನಿಜ ಹೇಳಬೇಕೆಂದರೆ, ಆ ನಾಲ್ಕು ಸಾಲಿನಲ್ಲಿ ಒಂದೂ ತಪ್ಪಿರಲಿಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು. ಕಲಿಸಿದ ಮೆಷಿನ್ನು ನನ್ನದೇ ತಾನೇ?

ಕೆಲಸಕ್ಕೆ ಸೇರುವ ಮುಂಚೆ ಅವಳು ತುಂಬಿಕೊಡಬೇಕಾದ ಫಾರಂ ಒಂದಿತ್ತು. ಅವಳು ಪಾವಗಡಕ್ಕೆ ಹೊರಡಲು ಪಾತ್ರೆ ಪಗಡ ಕಟ್ಟುತ್ತಿದ್ದಳು. "ನೀವೇ ಟೈಪ್ ಮಾಡಿಬಿಡಿ" ಎಂದಳು. ಕೂತೆ. ಹೆಸರು, ಊರು, ವಿದ್ಯಾಭ್ಯಾಸ ಎಲ್ಲ ಆಯಿತು.

"ಅವಲಂಬಿತರ ಹೆಸರು ಅಂತಿದೆ. ಮಕ್ಕಳಿಲ್ಲವಲ್ಲ, ಇಲ್ಲ ಅಂತ ಹಾಕಲೇ?"

ಒಳಗಿನಿಂದ ಪಾತ್ರೆಯ ಸದ್ದು ನಿಂತಿತು. "ಇಲ್ಲ ಅಂತ ಯಾಕ್ರೀ? ನೀವಿದ್ದೀರಲ್ಲ."

ನನ್ನ ಹೆಸರನ್ನು ನಾನೇ ಟೈಪ್ ಮಾಡಿದೆ. ಪಕ್ಕದ ಕಾಲಮ್ಮಿನಲ್ಲಿ "ಅರ್ಜಿದಾರರಿಗೂ ಇವರಿಗೂ ಇರುವ ಸಂಬಂಧ" ಎಂದಿತ್ತು. ಇಷ್ಟು ವರ್ಷದ ಅಭ್ಯಾಸ, ಬೆರಳು ನನ್ನ ಮಾತು ಕೇಳಲಿಲ್ಲ. ಹೊಡೆದು ಮುಗಿಸಿ ನೋಡುತ್ತೇನೆ: "ತಮ್ಮ ಅತ್ಯಂತ ವಿಧೇಯ ಸೇವಕ."

ಅವಳು ಬಂದು ಓದಿದಳು. "ತಪ್ಪಾಯ್ತು, ಅಳಿಸ್ತೀನಿ" ಎಂದೆ.

"ಇರಲಿ ಬಿಡಿ" ಎಂದು ಸಹಿ ಹಾಕಿದಳು. "ನೀವು ಬರೆದ ಅರ್ಜೀಲಿ ಇದೊಂದಾದ್ರೂ ನಿಜ ಇರಲಿ."